ಹುಳಿ ಬಂದದ್ದೆಲ್ಲ ಕೆಟ್ಟದ್ದಲ್ಲ: ಮಜ್ಜಿಗೆ, ಲಸ್ಸಿ, ಕೆಫಿರ್ ಇಡುವುದು ಹೇಗೆ, ಚೆಲ್ಲುವುದು ಯಾವಾಗ

ಫ್ರಿಜ್ಜಿನ ಮೂಲೆಯಲ್ಲಿ ನಾಲ್ಕು ದಿನದಿಂದ ಕೂತಿದ್ದ ಮಜ್ಜಿಗೆ ಪಾತ್ರೆ ತೆಗೆದು ಮೂಸಿ ನೋಡುತ್ತೀರಿ. ಮೂಗಿಗೆ ಹುಳಿ ಹೊಡೆಯುತ್ತದೆ. ಮೇಲೆ ಒಂದು ಬೆರಳಷ್ಟು ತಿಳಿ ನಿಂತಿದೆ. ಕುಡಿಯಬಹುದಾ, ಚೆಲ್ಲಬೇಕಾ? ಕೆಲವರು ಹುಳಿ ಜಾಸ್ತಿಯಾಯ್ತು ಅಂತ ಚೆನ್ನಾಗಿರುವುದನ್ನೇ ಚೆಲ್ಲುತ್ತಾರೆ. ಇನ್ನು ಕೆಲವರು "ಹೇಗಿದ್ದರೂ ಹುಳಿ ಪದಾರ್ಥ ತಾನೇ, ಅದಕ್ಕೇನಾಗುತ್ತೆ" ಅಂದುಕೊಂಡು ನಿಜಕ್ಕೂ ಕೆಟ್ಟಿರುವುದನ್ನು ಕುಡಿದುಬಿಡುತ್ತಾರೆ. ಎರಡೂ ಕಡೆ ಆಗಿರುವುದು ಒಂದೇ, ಹುಳಿಯನ್ನೇ ಅಳತೆಗೋಲು ಮಾಡಿಕೊಂಡಿರುವುದು.

ಹೆಪ್ಪು ಹಾಕಿ ಮಾಡಿದ ಹಾಲಿನ ಪಾನೀಯಗಳಲ್ಲಿ ಹುಳಿ ಅನ್ನುವುದು ಕೆಟ್ಟಿದ್ದರ ಗುರುತಲ್ಲ. ಅದು ಕೆಡದಂತೆ ಕಾಯುವ ಕಾವಲುಗಾರ. ಆದರೆ ಈ ಕಾವಲುಗಾರನಿಗೆ ಎರಡು ಮಿತಿ ಇದೆ. ತಾನು ಕೆಲಸಕ್ಕೆ ಬರುವ ಮೊದಲೇ ಒಳಗೆ ಸೇರಿಕೊಂಡವರು ಮಾಡಿಟ್ಟುಹೋದ ವಿಷವನ್ನು ಅವನು ತೆಗೆಯಲಾರ. ಹುಳಿಯೇ ಇಷ್ಟ ಅನ್ನುವವರನ್ನು ತಡೆಯಲಾರ. ಸಂಗ್ರಹದ ನಿಯಮಗಳೆಲ್ಲ ಹೆಚ್ಚುಕಡಿಮೆ ಈ ಎರಡು ಮಾತಿನಿಂದಲೇ ಹುಟ್ಟಿದ್ದು.

ಹುಳಿ ಎಲ್ಲಿಂದ ಬರುತ್ತದೆ

ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಎಷ್ಟಿದೆ ಅಂತ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಹಾಲಿನದ್ದು ಸುಮಾರು 6.6 ಇರುತ್ತದೆ. ಆಮ್ಲ ಹೆಚ್ಚಾದಂತೆ ಈ ಅಂಕಿ ಇಳಿಯುತ್ತಾ ಹೋಗಿ 4.6ರ ಹತ್ತಿರ ಬಂದಾಗ ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸೀನ್‌ನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಹೆಪ್ಪುಗಟ್ಟಿತು ಅಂತೀವಲ್ಲ, ಅದು ಇದೇ. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ. ಅಂದರೆ 6.6ರಿಂದ 4.6ಕ್ಕೆ ಬರುವಷ್ಟರಲ್ಲಿ ನೂರು ಪಟ್ಟು. ನಾಲಿಗೆಗೆ ಸ್ವಲ್ಪ ಹುಳಿ ಅನಿಸಿದರೂ ಒಳಗಿರುವ ಸೂಕ್ಷ್ಮಜೀವಿಗಳಿಗೆ ಅದು ಸ್ವಲ್ಪವಲ್ಲ.

ಈ 4.6 ಅನ್ನುವ ಅಂಕಿ ಆಹಾರ ಸುರಕ್ಷತೆಯಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ಬಾಟುಲಿಸಂ ಅನ್ನುವ ಮಾರಕ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅದಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಉಳಿದ ಅನೇಕ ರೋಗಾಣುಗಳೂ ಅಲ್ಲಿಗೆ ಬಂದಾಗ ಒದ್ದಾಡುತ್ತವೆ. ಒದ್ದಾಡುತ್ತವೆ ಅಂದೆ, ಸಾಯುತ್ತವೆ ಅನ್ನಲಿಲ್ಲ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಒ157 ತಳಿ ಹುಳಿ ಮೊಸರಿನಲ್ಲೂ ದಿನಗಟ್ಟಲೆ ಬದುಕಿರಬಲ್ಲದು. ಹಾಗಾಗಿ ಕಾಯಿಸದ ಹಾಲಿಗೆ ಹೆಪ್ಪು ಹಾಕಿದರೂ ಸಾಕು, ಹುಳಿ ಎಲ್ಲವನ್ನೂ ಸರಿಮಾಡುತ್ತದೆ ಅನ್ನುವ ನಂಬಿಕೆ ತಪ್ಪು. ಹಾಲನ್ನು ಮೊದಲು ಕಾಯಿಸಿರಬೇಕು. ಕಾರ್ಖಾನೆಯಲ್ಲಿ ಪಾಶ್ಚರೀಕರಣಕ್ಕೆ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ ಇಡುತ್ತಾರೆ. ಮನೆಯಲ್ಲಿ ಒಂದು ಕುದಿ ಬಂದರೆ ಅದಕ್ಕಿಂತ ಜಾಸ್ತಿಯೇ ಆಯಿತು.

ಕೆಫಿರ್ ಅನ್ನುವ ಹುದುಗಿಸಿದ ಹಾಲಿನ ಪಾನೀಯದ ಕಥೆ ಸ್ವಲ್ಪ ಬೇರೆ. ಅದರ ಹೆಪ್ಪು ಬಿಳಿ ಹೂಕೋಸಿನ ಚೂರುಗಳಂತೆ ಕಾಣುವ ಗಟ್ಟಿ ಕಾಳು. ಅದರಲ್ಲಿ ಬ್ಯಾಕ್ಟೀರಿಯಾ ಜೊತೆಗೆ ಯೀಸ್ಟ್ ಕೂಡ ಒಟ್ಟಿಗೆ ಸಂಸಾರ ಮಾಡಿಕೊಂಡಿರುತ್ತದೆ. ಯೀಸ್ಟ್ ಇದ್ದಲ್ಲಿ ಗ್ಯಾಸ್ ಇರುತ್ತದೆ, ಒಂದಿಷ್ಟು ಆಲ್ಕೋಹಾಲ್ ಕೂಡ. ಇದನ್ನು ನೆನಪಿಡಿ, ಯಾಕೆಂದರೆ ಮಜ್ಜಿಗೆಯಲ್ಲಿ ಕೆಟ್ಟ ಲಕ್ಷಣ ಅನಿಸುವುದು ಕೆಫಿರ್‌ನಲ್ಲಿ ಮಾಮೂಲಿ ಆಗಿರಬಹುದು.

ಹುಳಿ ಬಾರದೆ ಇರುವುದೇ ದೊಡ್ಡ ಅಪಾಯ

ಜನ ಹುಳಿ ಜಾಸ್ತಿ ಆದರೆ ಹೆದರುತ್ತಾರೆ. ಹುಳಿ ಕಡಿಮೆ ಆದರೆ "ಆಹಾ, ಸಿಹಿಯಾಗಿದೆ" ಅಂತ ಖುಷಿಪಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ಉಲ್ಟಾ ಆಗಬೇಕು.

ಕಾಯಿಸಿದ ಹಾಲು ಉಗುರುಬೆಚ್ಚಗೆ ಆಗುವವರೆಗೆ ಆರಿಸಿ ಹೆಪ್ಪು ಹಾಕುತ್ತೇವೆ. ಹೆಪ್ಪು ಹಾಕಿದ ಕ್ಷಣದಿಂದ ಸರಿಯಾಗಿ ಹುಳಿ ಏರುವವರೆಗಿನ ಆ ಕೆಲವು ಗಂಟೆಗಳಲ್ಲಿ ಹಾಲು ಬೆಚ್ಚಗಿದೆ, ಸಿಹಿಯಾಗಿದೆ, ಕಾವಲು ಇಲ್ಲ. ಅಷ್ಟರಲ್ಲಿ ಕೈಯಿಂದಲೋ ಸೌಟಿನಿಂದಲೋ ಸೀನಿದ್ದರಿಂದಲೋ ಏನಾದರೂ ಬಿದ್ದರೆ ಅದಕ್ಕೆ ಹಬ್ಬ. ಒಳ್ಳೆಯ ಅನುಕೂಲ ಸಿಕ್ಕರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಒಂದು ಜೀವಕೋಶ ಆರು ಗಂಟೆಯಲ್ಲಿ 2,62,144 ಆಗುತ್ತದೆ. ಹೆಪ್ಪು ಚುರುಕಾಗಿದ್ದರೆ ಹೀಗಾಗಲು ಬಿಡುವುದಿಲ್ಲ. ಅದರ ಬ್ಯಾಕ್ಟೀರಿಯಾಗಳು ಸಂಖ್ಯೆಯಲ್ಲೇ ಮೇಲುಗೈ ಪಡೆದು ಬೇಗ ಹುಳಿ ಏರಿಸಿಬಿಡುತ್ತವೆ. ಹೆಪ್ಪು ಹಳೆಯದಾಗಿದ್ದರೆ, ತೀರ ಕಡಿಮೆ ಹಾಕಿದ್ದರೆ, ಬಿಸಿ ಹಾಲಿಗೆ ಹಾಕಿ ಸಾಯಿಸಿದ್ದರೆ, ಇಲ್ಲವೇ ಹಸುವಿಗೆ ಕೊಟ್ಟ ಆಂಟಿಬಯಾಟಿಕ್ ಔಷಧಿಯ ಅಂಶ ಹಾಲಿನಲ್ಲಿ ಉಳಿದಿದ್ದರೆ ಹುಳಿ ಬರುವುದು ತಡವಾಗುತ್ತದೆ ಅಥವಾ ಬರುವುದೇ ಇಲ್ಲ.

ಇಲ್ಲಿ ಹೆದರಬೇಕಾದ ಹೆಸರು ಸ್ಟಫಿಲೋಕಾಕಸ್ ಆರಿಯಸ್. ಆರೋಗ್ಯವಾಗಿರುವ ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ಇದು ಸುಮ್ನೆ ಇರುತ್ತದೆ. ಬೆಚ್ಚಗಿನ ಹಾಲಿನಲ್ಲಿ ಬೆಳೆದರೆ ವಿಷ ಬಿಡುತ್ತದೆ. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ಆದ್ದರಿಂದ ಮಾಮೂಲಿ ಹೆಪ್ಪುಗಟ್ಟುವ ಹೊತ್ತು ಕಳೆದು ಎಷ್ಟೋ ಗಂಟೆಯಾದರೂ ಹಾಲು ನೀರು ನೀರಾಗಿ, ಹುಳಿಯಿಲ್ಲದೆ ಬೆಚ್ಚಗೇ ನಿಂತಿದ್ದರೆ ಇನ್ನೊಂದು ಚಮಚ ಹೆಪ್ಪು ಹಾಕಿ ಸಂಜೆವರೆಗೆ ಕಾಯುವುದು, ಕುದಿಸಿ ಬೇರೆ ಏನಾದರೂ ಮಾಡುವುದು, ಎರಡೂ ಬೇಡ. ಚೆಲ್ಲಿ. ಹೊಟ್ಟೆ ಉರಿಯುತ್ತದೆ, ಗೊತ್ತು.

ಮನೆಯಲ್ಲಿ ಆಗಾಗ ಮಾಡುವವರು ಒಂದು ಪಿಎಚ್ ಕಾಗದದ ಕಟ್ಟು ಇಟ್ಟುಕೊಂಡರೆ ಒಳ್ಳೆಯದು. 3.5ರಿಂದ 5.5ರವರೆಗೆ ತೋರಿಸುವಂಥದ್ದು ಸಾಕು. ತಯಾರಾದ ಪಾನೀಯ 4.6ಕ್ಕಿಂತ ಕೆಳಗೆ ಇರಬೇಕು. ಚೆನ್ನಾಗಿ ಹೆಪ್ಪಾದ ಮೊಸರು ಸಾಮಾನ್ಯವಾಗಿ 4ರಿಂದ 4.5ರ ನಡುವೆ ಇರುತ್ತದೆ.

ರಾತ್ರಿಯಿಡೀ ಹೊರಗಿಟ್ಟೇ ಮಾಡಿದ್ದು, ಈಗ ಎರಡು ಗಂಟೆ ಲೆಕ್ಕ ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಕೇಳಬೇಕಾದದ್ದೇ. ಹಾಲಿನ ಪದಾರ್ಥಗಳನ್ನು ಫ್ರಿಜ್ಜಿನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು, 32 ಡಿಗ್ರಿಗಿಂತ ಸೆಕೆ ಇದ್ದರೆ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅದೇ ಮಜ್ಜಿಗೆಯ ಮೊಸರು ಅಡುಗೆಮನೆಯಲ್ಲಿ ಎಂಟು ಗಂಟೆ ಬೆಚ್ಚಗೆ ಕೂತಿತ್ತಲ್ಲ, ಆಗ ಏನೂ ಆಗಲಿಲ್ಲವಾ?

ಎರಡು ಹೊತ್ತೂ ಒಂದೇ ಅಲ್ಲ. ಹೆಪ್ಪಾಗುವಾಗ ಮುಚ್ಚಿಟ್ಟ ಪಾತ್ರೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳದ್ದೇ ದಂಡು, ಹುಳಿ ಏರುತ್ತಿದೆ, ಯಾರೂ ಕೈ ಹಾಕುತ್ತಿಲ್ಲ. ಕುಡಿಯಲು ತೆಗೆದ ಮೇಲೆ ಮುಚ್ಚಳ ಹತ್ತು ಸಲ ತೆರೆಯುತ್ತದೆ, ಚಮಚ ಬೀಳುತ್ತದೆ, ನೀರು ಸೇರುತ್ತದೆ, ಗಾಳಿಯಲ್ಲಿರುವ ಬೂಷ್ಟಿನ ಬೀಜಾಣು, ಯೀಸ್ಟ್ ಸೇರುತ್ತವೆ. ಇವಕ್ಕೆ ಹುಳಿ ಲೆಕ್ಕಕ್ಕಿಲ್ಲ. ಇನ್ನು ನಿಯಮ ಮಾಡುವವರು ನಿಮ್ಮ ಪಾತ್ರೆಯಲ್ಲಿ ಪಿಎಚ್ ಎಷ್ಟಿದೆ ಅಂತ ನೋಡಿ ಮಾಡುವುದಿಲ್ಲ, ಎಲ್ಲ ಹಾಲಿನ ಪದಾರ್ಥಕ್ಕೂ ಸೇರಿಸಿ ಒಂದೇ ಗೆರೆ ಎಳೆಯುತ್ತಾರೆ.

ಹಾಗಾದರೆ ಏನು ಮಾಡುವುದು? ಏನೂ ಬೆರೆಸದ, ಚೆನ್ನಾಗಿ ಹುಳಿಯಾದ, ಮುಚ್ಚಿಟ್ಟ ಮಜ್ಜಿಗೆ ಎರಡು ಗಂಟೆ ದಾಟಿ ಸ್ವಲ್ಪ ಹೊತ್ತು ಹೊರಗಿದ್ದರೆ ಸಾಮಾನ್ಯವಾಗಿ ಆಗುವುದು ಇನ್ನಷ್ಟು ಹುಳಿ, ಅಷ್ಟೇ. ಆದರೆ ಸಿಹಿ ಲಸ್ಸಿ, ಹಣ್ಣು ಹಾಕಿದ ಕುಡಿಯುವ ಮೊಸರು, ಹಸಿ ಸೊಪ್ಪು ಕೊಚ್ಚಿ ಹಾಕಿದ್ದು, ನೀರು ಜಾಸ್ತಿ ಬೆರೆಸಿದ್ದು ಇವಕ್ಕೆಲ್ಲ ಎರಡು ಗಂಟೆ ಲೆಕ್ಕವನ್ನು ಮೀರಬೇಡಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಅಥವಾ ಔಷಧಿಯಿಂದ ರೋಗ ತಡೆಯುವ ಶಕ್ತಿ ಕುಗ್ಗಿದವರಿಗೆ ಕೊಡುವುದಾದರೆ ಯಾವುದಕ್ಕೂ ವಿನಾಯಿತಿ ಬೇಡ.

ಬೆರೆಸಿದ್ದೇ ಎಡವಟ್ಟಾಗುವುದು

ಹುದುಗಿಸಿದ ಹಾಲು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಅದಕ್ಕೆ ಆಮೇಲೆ ಸೇರಿಸುವುದರ ಮೂಲಕವೇ ಬಹಳಷ್ಟು ತೊಂದರೆ ಒಳಗೆ ಬರುತ್ತದೆ. 1989ರಲ್ಲಿ ಬ್ರಿಟನ್ನಿನಲ್ಲಿ ಹೇಝಲ್‌ನಟ್ ರುಚಿಯ ಮೊಸರು ತಿಂದ 27 ಜನರಿಗೆ ಬಾಟುಲಿಸಂ ಬಂತು, ಒಬ್ಬರು ತೀರಿಕೊಂಡರು. ಮೊಸರು ಹುಳಿ ಪದಾರ್ಥ, ಅದರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯಲಾರದು ಅಂತ ಮೇಲೆ ಹೇಳಿದೆನಲ್ಲ? ಬೆಳೆದದ್ದು ಮೊಸರಿನಲ್ಲಿ ಅಲ್ಲ. ಮೊಸರಿಗೆ ಬೆರೆಸಲು ಡಬ್ಬಿಯಲ್ಲಿ ಬಂದಿದ್ದ ಹೇಝಲ್‌ನಟ್ ಪೇಸ್ಟಿನಲ್ಲಿ. ಅದರಲ್ಲಿ ಸಕ್ಕರೆ ಬದಲು ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿ ಹಾಕಿದ್ದರು. ಸಕ್ಕರೆ ಸಾಕಷ್ಟು ಜಾಸ್ತಿ ಇದ್ದಾಗ ನೀರನ್ನು ಹಿಡಿದಿಟ್ಟು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತದೆ, ಆಸ್ಪರ್ಟೇಮ್ ಆ ಕೆಲಸ ಮಾಡುವುದಿಲ್ಲ. ಕಾಯಿಸಿದ್ದೂ ಸಾಕಷ್ಟಾಗಿರಲಿಲ್ಲ. ಡಬ್ಬಿಯಲ್ಲೇ ವಿಷ ತಯಾರಾಗಿತ್ತು. ಆಮೇಲೆ ಎಂಥ ಹುಳಿ ಮೊಸರಿಗೆ ಬೆರೆಸಿದರೂ ಪ್ರಯೋಜನವಿಲ್ಲ.

ಮನೆಯ ಮಟ್ಟಿಗೆ ಇದರ ಅರ್ಥ ಸರಳ. ಸಕ್ಕರೆ, ಹಣ್ಣು, ಸೊಪ್ಪು, ಶುಂಠಿ ಇವನ್ನು ಕುಡಿಯುವ ಹೊತ್ತಿಗೆ, ಬೇಕಾದಷ್ಟಕ್ಕೆ ಮಾತ್ರ ಸೇರಿಸಿ. ಮೂಲ ಮಜ್ಜಿಗೆಯನ್ನು ಸಾದಾ ಇಡಿ. ಹಣ್ಣು, ಸಕ್ಕರೆ ಯೀಸ್ಟ್‌ಗೆ ಊಟ ಬಡಿಸಿದ ಹಾಗೆಯೇ. ಹಸಿ ಸೊಪ್ಪು, ಬೇರುಗಳಿಗೆ ಮಣ್ಣಿನ ಸಂಬಂಧ ಇದ್ದೇ ಇರುತ್ತದೆ. ನೀರಂತೂ ಕುಡಿಯಲು ಯೋಗ್ಯವಾದದ್ದೇ ಆಗಿರಬೇಕು, ಮಜ್ಜಿಗೆಗೆ ಹಾಕುವ ನೀರು ತಾನೇ ಅಂತ ಸಡಿಲ ಬಿಡಬಾರದು. ಉಪ್ಪು ಹಾಕಿದರೆ ಕೆಡುವುದಿಲ್ಲ ಅನ್ನುತ್ತಾರಲ್ಲ, ರುಚಿಗೆ ಹಾಕುವ ಉಪ್ಪಿಗೆ ಅಷ್ಟು ಶಕ್ತಿ ಇಲ್ಲ. ಕೆಡದಂತೆ ಇಡುವಷ್ಟು ಉಪ್ಪು ಹಾಕಿದರೆ ನೀವು ಕುಡಿಯಲಾರಿರಿ.

ಫ್ರಿಜ್ಜಿನೊಳಗೆ

4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಫ್ರಿಜ್ಜಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಅದು ಡಿಗ್ರಿ ಅಲ್ಲ. ಒಂದು ಚಿಕ್ಕ ಥರ್ಮಾಮೀಟರನ್ನು ಲೋಟ ನೀರಿನಲ್ಲಿ ಇಳಿಬಿಟ್ಟು ರಾತ್ರಿಯಿಡೀ ಒಳಗಿಟ್ಟು ಬೆಳಗ್ಗೆ ನೋಡಿ.

ಬಾಗಿಲಿನ ಅರೆಯಲ್ಲಿ ಬಾಟಲಿ ಇಡುವುದು ಎಲ್ಲರ ಅಭ್ಯಾಸ, ಫ್ರಿಜ್ ಮಾಡುವವರೂ ಅಲ್ಲೇ ಜಾಗ ಮಾಡಿಕೊಟ್ಟಿದ್ದಾರೆ. ಆದರೆ ಪ್ರತಿ ಸಲ ತೆರೆದಾಗಲೂ ಮೊದಲು ಬಿಸಿಯಾಗುವುದು ಅದೇ. ಒಳಗಡೆ, ಹಿಂಭಾಗದಲ್ಲಿ ಇಡಿ. ಹೊಸದಾಗಿ ಹೆಪ್ಪಾದದ್ದನ್ನು ದೊಡ್ಡ ಪಾತ್ರೆಯಲ್ಲಿ ಇಟ್ಟರೆ ನಡುವಿನ ಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಚಿಕ್ಕ ಚಿಕ್ಕ ಡಬ್ಬಿಗೆ ಹಂಚಿದರೆ ಬೇಗ ತಣಿಯುತ್ತದೆ. ಚಿಕ್ಕ ಡಬ್ಬಿಯಿಂದ ಇನ್ನೊಂದು ಲಾಭ ಇದೆ. ಒಂದನ್ನು ತೆರೆದು ಮುಗಿಸುವವರೆಗೆ ಉಳಿದವಕ್ಕೆ ಗಾಳಿ ಸೋಕುವುದಿಲ್ಲ.

ಫ್ರಿಜ್ಜು ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಂದ ಮಾಡುತ್ತದೆ. ಅದಕ್ಕೇ ದಿನ ಕಳೆದಂತೆ ಹುಳಿ ಏರುತ್ತಲೇ ಹೋಗುತ್ತದೆ. ಇದು ಕೆಡುವುದಲ್ಲ. ಇನ್ನು ಲಿಸ್ಟೀರಿಯಾ ಅನ್ನುವ ರೋಗಾಣು ಇದೆ, ಉಳಿದ ಬಹುತೇಕ ರೋಗಾಣುಗಳು ಚಳಿಗೆ ಮುದುಡಿಕೊಂಡರೆ ಇದು ಫ್ರಿಜ್ಜಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಆದರೆ ಅದಕ್ಕೂ ಗಟ್ಟಿ ಹುಳಿ ಆಗಿಬರುವುದಿಲ್ಲ. ಚಳಿ ಮಾತ್ರ ಇದ್ದರೆ ಸಾಲದು, ಹುಳಿ ಮಾತ್ರ ಇದ್ದರೂ ಸಾಲದು, ಎರಡೂ ಒಟ್ಟಿಗೆ ಇದ್ದರೆ ನೆಮ್ಮದಿ. ಹುಳಿ ತೀರ ಕಡಿಮೆ ಇರುವ ಪಾನೀಯವನ್ನು ಫ್ರಿಜ್ಜಿನಲ್ಲಿದೆ ಅನ್ನುವ ಧೈರ್ಯದ ಮೇಲೆ ಬಹಳ ದಿನ ಇಡಬಾರದು ಅನ್ನುವುದು ಇದಕ್ಕೇ.

ಕರೆಂಟು ಹೋದಾಗ ಬಾಗಿಲು ತೆರೆಯದೆ ಇದ್ದರೆ ಸುಮಾರು ನಾಲ್ಕು ಗಂಟೆ ಒಳಗಿನ ತಂಪು ನಿಲ್ಲುತ್ತದೆ. ನೋಡೋಣ ಅಂತ ಪದೇ ಪದೇ ತೆರೆದರೆ ಆ ಲೆಕ್ಕ ಹೋಯಿತು.

ಫ್ರೀಜರ್‌ನಲ್ಲಿ ಇಡಬಹುದಾ? ಇಡಬಹುದು, ಸುಮಾರು ಮೂರು ತಿಂಗಳು. ಕರಗಿಸಿದಾಗ ನೀರು ಬೇರೆ, ಗಸಿ ಬೇರೆ ಆಗಿ ಒಡೆದಂತೆ ಕಾಣುತ್ತದೆ. ಕಡೆದರೆ ಸ್ವಲ್ಪ ಕೂಡಿಕೊಳ್ಳುತ್ತದೆ, ಕುಡಿಯುವುದಕ್ಕಿಂತ ಅಡುಗೆಗೆ ವಾಸಿ. ಫ್ರೀಜ್ ಮಾಡಿದರೆ ರೋಗಾಣು ಸಾಯುತ್ತವೆ ಅಂತ ಮಾತ್ರ ಅಂದುಕೊಳ್ಳಬೇಡಿ, ಬಹುತೇಕ ಮಲಗಿರುತ್ತವೆ ಅಷ್ಟೇ.

ಪಾತ್ರೆ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಜು, ಸ್ಟೀಲು, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಆಗುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡವೇ ಬೇಡ. ಆಮ್ಲ ಲೋಹವನ್ನು ಕರಗಿಸಿ ಕಿಲುಬು ಎಬ್ಬಿಸುತ್ತದೆ, ಅದು ಹೊಟ್ಟೆಗೆ ಹೋದರೆ ವಾಂತಿ ಗ್ಯಾರಂಟಿ. ಅಲ್ಯೂಮಿನಿಯಂ ಕೂಡ ಹುಳಿಗೆ ಸವೆಯುತ್ತದೆ. ಬಣ್ಣದ ಹೊಳಪು ಬಳಿದ ಹಳೆಯ ಪಿಂಗಾಣಿಯಲ್ಲಿ ಸೀಸ ಇರಬಹುದು, ಅದನ್ನು ನೋಡಲಿಕ್ಕೆ ಇಟ್ಟುಕೊಳ್ಳಿ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿಯ ಗೀರಿನಲ್ಲಿ ಎಷ್ಟು ತೊಳೆದರೂ ಹಳೆಯದು ಉಳಿದಿರುತ್ತದೆ. ಕೆಫಿರ್ ಅನ್ನು ಗಾಜಿನ ಬಾಟಲಿಗೆ ಗಂಟಲವರೆಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ಗ್ಯಾಸ್‌ಗೆ ಬಾಟಲಿ ಸಿಡಿಯಬಹುದು, ಸ್ವಲ್ಪ ಜಾಗ ಬಿಡಿ, ಆಗಾಗ ಮುಚ್ಚಳ ಸಡಿಲಿಸಿ. ಬಾಟಲಿಗೇ ಬಾಯಿ ಹಚ್ಚಿ ಕುಡಿದು ಮತ್ತೆ ಒಳಗಿಡುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ಅಲ್ವಾ? ಅವರ ಬಾಟಲಿ ಬೇರೆ ಮಾಡಿ.

ಕೆಟ್ಟಿದೆಯಾ ಅಂತ ನೋಡುವ ಬಗೆ

ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ನಾಲಿಗೆ. ಕಣ್ಣು ಅಥವಾ ಮೂಗು ಬೇಡ ಅಂದಮೇಲೆ ನಾಲಿಗೆಗೆ ಕೆಲಸ ಕೊಡಬೇಡಿ.

ಅಲ್ಲಾಡಿಸುವ ಮೊದಲು ನೋಡಿ. ಅಲ್ಲಾಡಿಸಿಬಿಟ್ಟರೆ ಸಾಕ್ಷಿ ಕಲಸಿಹೋಗುತ್ತದೆ. ಮುಚ್ಚಳ ನಿಧಾನವಾಗಿ ತೆಗೆದು ಅದರ ಒಳಮೈಯನ್ನು ಬೆಳಕಿಗೆ ಹಿಡಿಯಿರಿ, ಬಾಟಲಿಯಾದರೆ ಕುತ್ತಿಗೆಯ ಒಳಭಾಗ, ಮುಚ್ಚಳದ ತಿರುಪಿನ ಸಂದು, ರಬ್ಬರ್ ಉಂಗುರದ ಅಡಿ. ಬೂಷ್ಟಿಗೆ ಗಾಳಿ ಬೇಕು. ಹಾಗಾಗಿ ಅದು ಎಷ್ಟೋ ಸಲ ಮಜ್ಜಿಗೆಯ ಮೇಲ್ಮೈಗಿಂತ ಮೊದಲು ಅಲ್ಲಿ, ಒಣಗಿ ಅಂಟಿಕೊಂಡ ಹನಿಯ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕ ಹಸಿರು ಅಥವಾ ಕಪ್ಪು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಅಡ್ಡಲಾಗಿ ಬೆಳಕು ಬಿಟ್ಟು ನೋಡಿದರೆ ಅದರ ನವಿರು ರೋಮ ಕಾಣುತ್ತದೆ. ಮೇಲೆ ನಿಂತ ಕೆನೆ ಒಣಗಿ ಹಳದಿಯಾಗಿದ್ದರೆ ಅದಕ್ಕೆ ರೋಮ ಇರುವುದಿಲ್ಲ, ಜಿಡ್ಡಾಗಿ ಮಡಚಿಕೊಳ್ಳುತ್ತದೆ. ಇದೊಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗೊಂದಲ ಮುಗಿಯಿತು.

ಬೂಷ್ಟು ಕಂಡರೆ ಮೇಲಿಂದ ತೆಗೆದು ಉಳಿದದ್ದನ್ನು ಬಳಸುವಂತಿಲ್ಲ. ಗಟ್ಟಿ ಚೀಸ್‌ನಂಥ ಪದಾರ್ಥದಲ್ಲಾದರೆ ಸುತ್ತಲಿನ ಭಾಗ ಕತ್ತರಿಸಿ ಎಸೆಯಬಹುದು. ಕುಡಿಯುವ ಪದಾರ್ಥದಲ್ಲಿ ಬೂಷ್ಟಿನ ಎಳೆಗಳು, ಕೆಲವು ಬೂಷ್ಟು ಬಿಡುವ ವಿಷ ಎಲ್ಲಿಯವರೆಗೆ ಇಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಗುಲಾಬಿ, ಕಿತ್ತಳೆ, ಕೆಂಪು ಬಣ್ಣದ ಗೀರು ಅಥವಾ ಚುಕ್ಕೆ ಕಂಡರೂ ಹಾಗೇ. ಅದು ಕೆಂಪು ಯೀಸ್ಟೋ ಬಣ್ಣ ಬಿಡುವ ಬ್ಯಾಕ್ಟೀರಿಯಾನೋ ಅಂತ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ನೇರ ಬಚ್ಚಲಿಗೆ.

ತಿಳಿ ನಿಂತಿರುವುದು ಮಾತ್ರ ತೊಂದರೆ ಅಲ್ಲ. ಪ್ರೋಟೀನಿನ ಬಲೆ ಕುಗ್ಗಿದಂತೆ ಒಳಗಿನ ನೀರು ಹೊರಬರುತ್ತದೆ, ಹಳದಿ ಮಿಶ್ರಿತ ಹಸಿರು ಬಣ್ಣದ ತೆಳು ನೀರು. ಕಲಸಿ ಕುಡಿಯಿರಿ.

ಗ್ಯಾಸ್ ವಿಷಯದಲ್ಲಿ ಸ್ವಲ್ಪ ತಲೆ ಓಡಿಸಬೇಕು. ಕೆಫಿರ್ ತೆರೆದಾಗ ಸಣ್ಣಗೆ ಬುಸ್ ಅಂದರೆ ಸರಿ, ನಾಲಿಗೆ ಮೇಲೆ ಚುರುಚುರು ಅಂದರೂ ಸರಿ. ಅದೇ ಮಜ್ಜಿಗೆ ಪ್ಯಾಕೆಟ್ ತಲೆದಿಂಬಿನ ಹಾಗೆ ಉಬ್ಬಿದ್ದರೆ, ತೆರೆದ ತಕ್ಷಣ ನೊರೆ ಉಕ್ಕಿದರೆ, ಬ್ರೆಡ್ಡು ಅಥವಾ ಹೆಂಡದ ವಾಸನೆ ಬಂದರೆ ಯೀಸ್ಟ್ ಹೊಕ್ಕಿದೆ ಅಂತ ಅರ್ಥ. ರಾತ್ರಿ ಹೆಪ್ಪು ಹಾಕಿದ್ದು ಬೆಳಗಾಗುವಷ್ಟರಲ್ಲೇ ತೂತು ತೂತಾಗಿ, ಬುರುಗು ಎದ್ದು ನಿಂತಿದ್ದರೆ ಇನ್ನೂ ಕೆಟ್ಟದ್ದು, ಕೊಳಕಿನಿಂದ ಬರುವ ಕೋಲಿಫಾರಂ ಬ್ಯಾಕ್ಟೀರಿಯಾಗಳು ಹೀಗೆ ಮಾಡುತ್ತವೆ. ಅದರಿಂದ ಮುಂದಿನ ಹೆಪ್ಪಿಗೆ ಅಂತ ಒಂದು ಚಮಚ ಕೂಡ ಎತ್ತಿಡಬೇಡಿ. 2013ರಲ್ಲಿ ಅಮೆರಿಕದಲ್ಲಿ ಮೊಸರಿನ ಕಪ್ಪುಗಳು ಉಬ್ಬಿ, ಒಳಗೆ ಗುಳ್ಳೆ ಏಳುತ್ತಿದ್ದವು. ತಿಂದ 200ಕ್ಕೂ ಹೆಚ್ಚು ಜನ ಹೊಟ್ಟೆ ಕೆಟ್ಟಿತು ಅಂತ ದೂರು ಕೊಟ್ಟರು. ಕಾರಣ ಮ್ಯೂಕರ್ ಸರ್ಸಿನೆಲ್ಲಾಯ್ಡಿಸ್ ಅನ್ನುವ ಬೂಷ್ಟು. ಬೂಷ್ಟು ಅಂದರೆ ಮೇಲೆ ಹತ್ತಿಯಂತೆ ಕಾಣಲೇಬೇಕು ಅಂತಿಲ್ಲ ಅನ್ನುವುದಕ್ಕೆ ಇದು ಸಾಕು.

ಮೂಗಿಗೆ ಹೋಗೋಣ. ಶುದ್ಧ ಹುಳಿ ವಾಸನೆ, ಎಷ್ಟೇ ಚುರುಕಾಗಿರಲಿ, ಸರಿ. ಮುಗ್ಗಲು ವಾಸನೆ ಬಂದರೆ ಬೂಷ್ಟು ಎಲ್ಲೋ ಇದೆ. ಹಳೇ ಬೆಣ್ಣೆಯ ಕಮಟು ಬಂದರೆ ಕೊಬ್ಬು ಒಡೆದಿದೆ. ಕೊಳೆತ ವಾಸನೆ, ಸಾಬೂನಿನಂಥ ವಾಸನೆ ಬಂದರೆ ಯೋಚಿಸುವುದೇ ಬೇಡ. ನಾಲಿಗೆಗೆ ಹುಳಿಯ ಹಿಂದೆ ಕಹಿ ಹತ್ತಿದರೆ ಯಾವುದೋ ಬ್ಯಾಕ್ಟೀರಿಯಾ ಪ್ರೋಟೀನನ್ನು ಚೂರು ಮಾಡಿದೆ ಅಂತ ಲೆಕ್ಕ. ಸ್ವಲ್ಪ ಕಹಿಯಿಂದ ಕಾಯಿಲೆ ಬರಲೇಬೇಕು ಅಂತಿಲ್ಲ, ಆದರೆ ನಾನಂತೂ ಅದನ್ನು ಮುಂದುವರಿಸುವುದಿಲ್ಲ.

ಲೋಳೆ ವಿಷಯದಲ್ಲಿ ಬೇಗ ತೀರ್ಪು ಕೊಡಬೇಡಿ. ಕೆಲವು ಹೆಪ್ಪಿನ ಬ್ಯಾಕ್ಟೀರಿಯಾಗಳು ಹುಟ್ಟಾ ಅಂಟು ಬಿಡುವಂಥವು, ಸೌಟಿನಿಂದ ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ, ಮೊದಲಿನಿಂದಲೂ ಹಾಗೇ ಇದ್ದರೆ ಅದು ಆ ಹೆಪ್ಪಿನ ಗುಣ. ನಿಮ್ಮ ಮಜ್ಜಿಗೆ ಯಾವತ್ತೂ ಹಾಗೆ ಇರದೆ ಇವತ್ತು ಇದ್ದಕ್ಕಿದ್ದಂತೆ ಎಳೆ ಬರತೊಡಗಿದರೆ ಮಾತ್ರ ಅನುಮಾನಪಡಿ. ಇದು ಬಣ್ಣಕ್ಕೂ ವಾಸನೆಗೂ ಅನ್ವಯಿಸುತ್ತದೆ. ನಿಮ್ಮ ಮನೆಯ ಮಾಮೂಲಿ ಯಾವುದು ಅಂತ ಗೊತ್ತಿದ್ದರೆ ಮಾತ್ರ ಬದಲಾದದ್ದು ಗೊತ್ತಾಗುತ್ತದೆ.

ಇಷ್ಟೆಲ್ಲ ಆದಮೇಲೂ ಒಂದು ಕಹಿ ಸತ್ಯ ಉಳಿಯುತ್ತದೆ. ವಾಸನೆ, ಬಣ್ಣ, ಗ್ಯಾಸ್ ಇವೆಲ್ಲ ತೋರಿಸುವುದು ಪಾನೀಯ ಹಾಳಾಗಿದೆಯಾ ಅನ್ನುವುದನ್ನು. ಲಿಸ್ಟೀರಿಯಾ, ಇ. ಕೋಲಿ, ಸ್ಟಫಿಲೋಕಾಕಸ್‌ನ ವಿಷ ಇವು ವಾಸನೆ ಬರಿಸಲೇಬೇಕು ಅಂತಿಲ್ಲ. ಮೂಗು ಚೆನ್ನಾಗಿದೆ ಅಂದರೂ ಅದು ಹಾಲು ಕಾಯಿಸದೆ ಮಾಡಿದ್ದಾದರೆ, ಎಷ್ಟು ಹೊತ್ತು ಹೊರಗಿತ್ತೋ ಗೊತ್ತಿಲ್ಲದಿದ್ದರೆ ಆ ಮೂಗಿನ ಮಾತಿಗೆ ಬೆಲೆ ಇಲ್ಲ. ಅದಕ್ಕೆ ಡಬ್ಬಿ ಮೇಲೆ ಮಾಡಿದ ದಿನಾಂಕ ಬರೆದ ಒಂದು ಚೀಟಿ ಅಂಟಿಸಿ, ಎಲ್ಲ ಮೂಸಾಟಕ್ಕಿಂತ ಅದು ಮೇಲು.

ಎಷ್ಟು ದಿನ?

ಪ್ಯಾಕೆಟ್ ಮೇಲಿನ ದಿನಾಂಕ ತೆರೆಯದೆ, ತಣ್ಣಗೆ ಇಟ್ಟ ಪ್ಯಾಕೆಟ್ಟಿಗೆ ಮಾತ್ರ. ಮುಚ್ಚಳ ತೆಗೆದ ಕ್ಷಣ ಅದರ ಲೆಕ್ಕ ಮುಗಿದು ಹೊಸ ಲೆಕ್ಕ ಶುರುವಾಗುತ್ತದೆ. ಅಂಗಡಿಯ ಸಾದಾ ಮಜ್ಜಿಗೆ ಫ್ರಿಜ್ಜಿನಲ್ಲಿ ಸುಮಾರು ಎರಡು ವಾರ ಇರುತ್ತದೆ ಅಂತ ಅಮೆರಿಕದ ಕೃಷಿ ಇಲಾಖೆಯ ಸಲಹೆ. ತೆರೆದಮೇಲೆ ನಾನಾದರೆ ಒಂದು ವಾರದೊಳಗೆ ಮುಗಿಸುತ್ತೇನೆ, ಕೆಫಿರ್ ಕೂಡ ಹಾಗೇ. ಮನೆಯಲ್ಲಿ ಮಾಡಿದ ಸಾದಾ ಮಜ್ಜಿಗೆಗೆ ಮೂರರಿಂದ ಐದು ದಿನ. ನೀರು ಜಾಸ್ತಿ ಬೆರೆಸಿದ್ದು, ಸೊಪ್ಪು, ಹಣ್ಣು ಹಾಕಿದ್ದು ಅವತ್ತಿಗೆ, ತಪ್ಪಿದರೆ ಮಾರನೇ ದಿನಕ್ಕೆ. ಹೆಪ್ಪಾದಮೇಲೆ ಮತ್ತೆ ಕಾಯಿಸಿ, ಫ್ರಿಜ್ ಬೇಡದಂತೆ ಪ್ಯಾಕ್ ಮಾಡಿದ ಪಾನೀಯಗಳೂ ಸಿಗುತ್ತವೆ. ತೆರೆಯುವವರೆಗೆ ಅವಕ್ಕೆ ಹೊರಗಿನ ಜಾಗ ಸಾಕು, ತೆರೆದಮೇಲೆ ಉಳಿದವುಗಳ ಹಾಗೇ ತಂಪು ಬೇಕು. ಒಳಗೆ ಜೀವಂತ ಬ್ಯಾಕ್ಟೀರಿಯಾ ಇಲ್ಲದ್ದರಿಂದ ಅವು ಹುಳಿ ಏರದೇ ಕೆಡಬಹುದು, ಅಲ್ಲಿ ಹುಳಿ ನೋಡಿ ಅಂದಾಜು ಮಾಡಲು ಆಗುವುದಿಲ್ಲ.

ಕುಡಿದುಬಿಟ್ಟಿದ್ದರೆ

ತೀರ ಹುಳಿಯಾದದ್ದನ್ನು ಕುಡಿದರೆ ಹೆಚ್ಚೆಂದರೆ ಹೊಟ್ಟೆ ಗುಡುಗುಟ್ಟಬಹುದು. ಬೂಷ್ಟು ಇದ್ದದ್ದನ್ನು ಒಂದು ಗುಟುಕು ನುಂಗಿಬಿಟ್ಟರೂ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಬೇಡ. ಸ್ಟಫಿಲೋಕಾಕಸ್‌ನ ವಿಷವಾದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಜೋರಾಗಿ ವಾಂತಿ ಶುರುವಾಗುತ್ತದೆ, ಬಹುತೇಕ ಒಂದು ದಿನದಲ್ಲಿ ತಣ್ಣಗಾಗುತ್ತದೆ. ನೀರು, ಉಪ್ಪು ಸಕ್ಕರೆ ಬೆರೆಸಿದ ಜೀವಜಲ ಸ್ವಲ್ಪ ಸ್ವಲ್ಪವೇ ಕುಡಿಯುತ್ತಿರಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ 38.9 ಡಿಗ್ರಿ ಸೆಲ್ಸಿಯಸ್ ದಾಟಿದರೆ, ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಭೇದಿ ಮೂರು ದಿನಕ್ಕಿಂತ ಹೆಚ್ಚು ಹಿಡಿದರೆ ಡಾಕ್ಟರ ಹತ್ತಿರ ಹೋಗಿ. ಚಿಕ್ಕ ಮಕ್ಕಳು, ವಯಸ್ಸಾದವರ ವಿಷಯದಲ್ಲಿ ಅಷ್ಟು ದಿನ ಕಾಯಬೇಡಿ. ದೃಷ್ಟಿ ಎರಡೆರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಅದು ಬಾಟುಲಿಸಂ ಆಗಿರಬಹುದು, ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಸುರಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಲಿಸ್ಟೀರಿಯಾ ತಗುಲಿದರೆ ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಬಂದು ಹೋಗಬಹುದು, ಮಗುವಿಗೆ ಮಾತ್ರ ದೊಡ್ಡ ಅಪಾಯ. ಲಕ್ಷಣ ಕಾಣಿಸಿಕೊಳ್ಳಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಹಾಗಾಗಿ ಕಾಯಿಸದ ಹಾಲಿನಿಂದ ಮಾಡಿದ್ದನ್ನು ಕುಡಿದ ಸ್ವಲ್ಪ ದಿನದ ಮೇಲೆ ಜ್ವರ ಬಂದರೆ, ಆಗ ಕುಡಿದದ್ದಕ್ಕೂ ಈಗಿನ ಜ್ವರಕ್ಕೂ ಏನು ಸಂಬಂಧ ಅಂದುಕೊಳ್ಳದೆ ಡಾಕ್ಟರಿಗೆ ಅದನ್ನು ಹೇಳಿಬಿಡಿ.